ಕಷಾಯದ ಚರಟ ತಿಂದ ಮೇಕೆ ಮಂಕಾದರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಆಯುರ್ವೇದ ಔಷಧಿ ತಯಾರಿಸುವ ಕಡೆ ಕಷಾಯ ಸೋಸಿದ ಮೇಲೆ ರಾಶಿ ರಾಶಿ ಚರಟ ಉಳಿಯುತ್ತದೆ. ಬೇರು, ತೊಗಟೆ, ಕಾಯಿ, ಎಲೆ ಎಲ್ಲ ಬೆರೆತ ಒದ್ದೆ ರಾಶಿ. ತುಳಸಿ, ನಿಂಬೆಹುಲ್ಲು ಬಟ್ಟಿ ಇಳಿಸುವ ಘಟಕಗಳಲ್ಲೂ ಹೀಗೇ. ಹೊತ್ತುಕೊಂಡು ಹೋದರೆ ಸಾಕು ಎಂದು ಅವರು ಪುಕ್ಕಟೆ ಕೊಡುತ್ತಾರೆ. ಮೇವಿನ ಬೆಲೆ ನೋಡಿದರೆ ಮೇಕೆ ಸಾಕುವವರಿಗೆ ಆಸೆ ಆಗುವುದು ಸಹಜ. ಸರಿಯಾಗಿ ಬಳಸಿದರೆ ಇದು ಒಳ್ಳೆಯ ದಾರಿಯೇ. ಆದರೆ ತಂದು ಹಾಕಿದ ಮೇಲೆ ಮೇಕೆ ತಿನ್ನುವುದು ಬಿಟ್ಟರೆ, ಭೇದಿ ಶುರುವಾದರೆ, ಗಬ್ಬದ ಮೇಕೆ ಕಂದು ಹಾಕಿದರೆ ಏನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದು ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚರಟ ಔಷಧಿ ಅಲ್ಲ. ನೀರಿಗೆ ಬಿಡುವ ಸತ್ವದ ಬಹುಪಾಲು ಕಷಾಯದ ಜೊತೆ ಹೊರಟುಹೋಗಿದೆ. ಉಳಿದಿರುವುದು ನಾರು, ಒಂದಿಷ್ಟು ಒಗರು, ಒಂದಿಷ್ಟು ಕಹಿ, ತುಂಬಾ ನೀರು. ಇದನ್ನು ಒಣಹುಲ್ಲಿನ ಸಾಲಿಗೆ ಸೇರಿಸಿ ಲೆಕ್ಕ ಹಾಕಿ. "ಗಿಡಮೂಲಿಕೆ ಅಲ್ವಾ, ಎಷ್ಟು ತಿಂದರೂ ಒಳ್ಳೆಯದೇ" ಎಂಬ ನಂಬಿಕೆಯಿಂದಲೇ ಹೆಚ್ಚಿನ ತೊಂದರೆ ಹುಟ್ಟುತ್ತವೆ. ದೋಷ ಸಾಮಾನ್ಯವಾಗಿ ಮೂರು ಕಡೆ ಇರುತ್ತದೆ. ಚರಟ ಕೆಟ್ಟಿದೆ, ಇಲ್ಲವೇ ಅದರಲ್ಲಿ ಇರಬಾರದ ಮೂಲಿಕೆ ಇದೆ, ಇಲ್ಲವೇ ಪ್ರಮಾಣ ಜಾಸ್ತಿಯಾಗಿದೆ. ಹುಡುಕಬೇಕಾದ್ದೂ ಈ ಮೂರನ್ನೇ.

ಯಾವ ಲಕ್ಷಣ ಕಂಡರೂ ಮೊದಲು ಮಾಡುವುದು

ಚರಟ ಹಾಕುವುದನ್ನು ಪೂರ್ತಿ ನಿಲ್ಲಿಸಿ. ಕಡಿಮೆ ಮಾಡುವುದಲ್ಲ, ನಿಲ್ಲಿಸುವುದು. ಹಳೆಯ ಮೇವಿಗೆ ಮರಳಿ, ಕುಡಿಯಲು ಶುದ್ಧ ನೀರಿಡಿ. ಗೋದಲಿಯಲ್ಲಿ ಉಳಿದದ್ದನ್ನು ಎಸೆಯುವ ಮುಂಚೆ ಒಂದು ಕಿಲೋದಷ್ಟು ತೆಗೆದಿಡಿ. ಒಣಗಿದ್ದರೆ ಕಾಗದದ ಚೀಲದಲ್ಲಿ, ಒದ್ದೆಯಿದ್ದರೆ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ತಂದ ತಾರೀಖು, ಎಲ್ಲಿಂದ ತಂದಿರಿ, ಯಾವ ಔಷಧಿಯ ಚರಟ ಎಂದು ಚೀಟಿ ಬರೆದು ಹಾಕಿ. ಈ ಮಾದರಿ ಇಲ್ಲದಿದ್ದರೆ ಆಮೇಲೆ ಯಾವ ಪ್ರಯೋಗಾಲಯವೂ ಏನೂ ಹೇಳಲಾರದು.

ನಂತರ ಥರ್ಮಾಮೀಟರ್. ಮೇಕೆಯ ಗುದದ ಉಷ್ಣತೆ ಸಾಮಾನ್ಯವಾಗಿ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್. ಸುಡುವ ಬಿಸಿಲಲ್ಲಿ ಸ್ವಲ್ಪ ಏರಬಹುದು. ಆದರೆ ನೆರಳಲ್ಲಿರುವ ಮೇಕೆಗೆ 40 ದಾಟಿದ್ದರೆ, ಜೊತೆಗೆ ಮೂಗು ಸೋರುತ್ತಿದ್ದರೆ, ಬಾಯಿ ಹುಣ್ಣಾಗಿದ್ದರೆ, ಅದು ಮೇವಿನ ತಂಟೆ ಅಲ್ಲ. ಕುರಿ-ಮೇಕೆಗಳ ಪ್ಲೇಗ್ ಎನ್ನುವ ಪಿಪಿಆರ್‌ನಂಥ ಸೋಂಕು ಇರಬಹುದು. ಆ ಮೇಕೆಯನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ಹೇಳಿ. ಮೇವಿನ ದೋಷದಲ್ಲಿ ಜ್ವರ ಇರುವುದು ಕಡಿಮೆ, ಒಂದೇ ರಾಶಿಯಿಂದ ತಿಂದ ಹಲವು ಮೇಕೆಗಳಿಗೆ ಒಟ್ಟಿಗೇ ಶುರುವಾಗುವುದು ಜಾಸ್ತಿ. ಈ ಒಂದು ವ್ಯತ್ಯಾಸವನ್ನು ಗಮನಿಸಿದರೆ ಅರ್ಧ ದಾರಿ ಸವೆದ ಹಾಗೆ.

ಎಡಗಡೆ ಪಕ್ಕೆಲುಬಿನ ಹಿಂದಿನ ತಗ್ಗಿನ ಮೇಲೆ ಮುಷ್ಟಿ ಒತ್ತಿ ಹಿಡಿದು ನೋಡಿ. ಆರೋಗ್ಯವಂತ ಮೇಕೆಯ ದೊಡ್ಡ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಉರುಳಿದ ಹಾಗೆ ಕೈಗೆ ತಾಗುತ್ತದೆ. ಎರಡು ನಿಮಿಷ ಹಿಡಿದರೂ ಏನೂ ತಾಗದಿದ್ದರೆ ಹೊಟ್ಟೆ ನಿಂತಿದೆ. ಮೇಕೆ ಬಿದ್ದಿದ್ದರೆ, ಸೆಳೆತ ಇದ್ದರೆ, ಹೊಟ್ಟೆ ತಮಟೆಯ ಹಾಗೆ ಬಿಗಿದಿದ್ದರೆ ಮುಂದಿನದ್ದು ಓದುತ್ತಾ ಕೂರಬೇಡಿ, 1962ಕ್ಕೆ ಕರೆ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ ಅದು.

ಈಗ ರಾಶಿಯ ಹತ್ತಿರ ಹೋಗಿ

ಜನ ಮೇಕೆಯನ್ನೇ ತಿರುಗಿಸಿ ಮರುಗಿಸಿ ನೋಡುತ್ತಾರೆ, ರಾಶಿಯನ್ನು ಯಾರೂ ಕೆದಕುವುದಿಲ್ಲ. ನನ್ನ ಪ್ರಕಾರ ಅರ್ಧಕ್ಕೂ ಹೆಚ್ಚು ಉತ್ತರ ರಾಶಿಯ ಒಳಗೇ ಇರುತ್ತದೆ.

ರಾಶಿಯ ನಡುವಿಗೆ ಕೈ ಹಾಕಿ. ಬಿಸಿ ತಾಗಿದರೆ ಒಳಗೆ ಕೊಳೆಯುತ್ತಿದೆ ಎಂದರ್ಥ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ನೀರಿನ ಅಂಶ ಮುಕ್ಕಾಲು ಭಾಗದಷ್ಟಿದೆ. ಉಂಡೆಯಾಗಿ ನಿಂತು ಕೈ ಒದ್ದೆ ಮಾತ್ರ ಆದರೆ ಶೇ. 60–70 ಇದೆ. ಎರಡೂ ಸ್ಥಿತಿಯಲ್ಲಿ ರಾಶಿ ಹಾಕಿ ಇಡುವ ಹಾಗಿಲ್ಲ.

ಬೂಷ್ಟು ಯಾಕೆ ಇಷ್ಟು ಬೇಗ ಹಿಡಿಯುತ್ತದೆ ಎಂದು ತಿಳಿದರೆ ತಪ್ಪಿಸುವುದು ಸುಲಭ. ಕುದಿಯುವ ಕಡಾಯಿಯಿಂದ ಹೊರಬಂದ ಚರಟದಲ್ಲಿ ಹೆಚ್ಚಿನ ಸೂಕ್ಷ್ಮಜೀವಿಗಳು ಸತ್ತಿರುತ್ತವೆ. ಮೇವನ್ನು ಹುಳಿ ಮಾಡಿ ಕಾಪಾಡುವ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ಸತ್ತಿರುತ್ತದೆ. ಅದಕ್ಕೆ ಬೇಕಾದ ಸಕ್ಕರೆಯೂ ಕಷಾಯದ ಜೊತೆ ಹೋಗಿರುತ್ತದೆ. ಉಳಿದದ್ದು ಬೆಚ್ಚಗಿನ, ಒದ್ದೆಯಾದ, ಕಾವಲಿಲ್ಲದ ನಾರು. ಗಾಳಿಯಲ್ಲಿ ತೇಲುವ ಬೂಷ್ಟಿನ ಬೀಜಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಮಳೆಗಾಲದಲ್ಲಿ ಬೆಳಗ್ಗೆ ತಂದದ್ದು ಮರುದಿನಕ್ಕೆ ವಾಸನೆ ಬದಲಿಸಬಹುದು.

ಹಸಿರು, ಹಳದಿ ಮಿಶ್ರಿತ ಪುಡಿಯಂಥ ಬೂಷ್ಟು ಕಂಡರೆ ಅಫ್ಲಾಟಾಕ್ಸಿನ್ ಎಂಬ ವಿಷದ ಅನುಮಾನ ಬರಬೇಕು. ಇಲ್ಲಿ ಎಲ್ಲರೂ ಎಡವುವ ಒಂದು ಅಂಶ ಇದೆ. ಬಿಸಿಲಿಗೆ ಹಾಕಿದರೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬೂಷ್ಟು ಕಾಣುವ ಮೇಲಿನ ಪದರ ತೆಗೆದು ಕೆಳಗಿನದು ಹಾಕುವುದೂ ತಪ್ಪು, ಬರಿಗಣ್ಣಿಗೆ ಕಾಣದ ಎಳೆಗಳು ಕೆಳಗೂ ಇಳಿದಿರುತ್ತವೆ. ಇಂಥ ರಾಶಿಯನ್ನು ಗೊಬ್ಬರದ ಗುಂಡಿಗೆ ಹಾಕಿಬಿಡಿ. ಗಬ್ಬದ ಮೇಕೆ, ಮರಿ, ಹಾಲು ಕೊಡುವ ಮೇಕೆ ಹತ್ತಿರಕ್ಕೂ ತರಬೇಡಿ. ಈ ವಿಷ ಹಾಲಿಗೂ ಇಳಿಯುತ್ತದೆ. ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಆ ಹಾಲು ಕುಡಿಯುವುದು ನಮ್ಮ ಮನೆಯ ಮಕ್ಕಳೇ.

ಅಫ್ಲಾಟಾಕ್ಸಿನ್ ಏಟು ತಕ್ಷಣ ಕಾಣುವುದಿಲ್ಲ. ವಾರಗಟ್ಟಲೆ ಮೇಕೆ ಸುಮ್ನೆ ಕರಗುತ್ತಾ ಹೋಗುತ್ತದೆ. ಮೇವು ಕಡಿಮೆ ಮಾಡುತ್ತದೆ, ಕೂದಲು ಒರಟಾಗುತ್ತದೆ, ಕಣ್ಣಿನ ಬಿಳಿ ಭಾಗ ಹಳದಿಗೆ ತಿರುಗುತ್ತದೆ. ಯಕೃತ್ತು ಕೆಡುತ್ತಿರುವ ಗುರುತು ಅದು.

ಮೂಸಿ ನೋಡಿ ಮುಂದಕ್ಕೇ ಹೋಗುತ್ತಿದೆ

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ. ಆದರೆ ಮೇಕೆ ಎಲ್ಲವನ್ನೂ ಒಂದೊಂದು ಬಾಯಿ ರುಚಿ ನೋಡುತ್ತದೆಯೇ ಹೊರತು ಎಲ್ಲವನ್ನೂ ಹೊಟ್ಟೆ ತುಂಬ ತಿನ್ನುವುದಿಲ್ಲ. ಅದು ನಿರಾಕರಿಸಿದರೆ ನಂಬಿ. ಉಪವಾಸ ಕೆಡವಿ, ಬೆಲ್ಲದ ನೀರು ಚಿಮುಕಿಸಿ ಬಲವಂತ ಮಾಡುವುದು ಅಪಾಯ. ಕಾರಣ ಬರೀ ಕಹಿ ಆಗಿದ್ದರೆ (ನೆಲಬೇವು, ಬೇವು, ಅಮೃತಬಳ್ಳಿ) ಪರಿಚಿತ ಮೇವಿನಲ್ಲಿ ಚೂರು ಚೂರೇ ಬೆರೆಸಿದರೆ ಒಂದೆರಡು ವಾರದಲ್ಲಿ ಒಗ್ಗುತ್ತದೆ. ಹುಳಿನಾತ ಅಥವಾ ಮಣ್ಣುವಾಸನೆ ಇದ್ದರೆ ಅದು ಕಹಿಯಲ್ಲ, ಕೆಟ್ಟಿರುವುದು.

ಪೇಂಟ್ ಅಥವಾ ಸ್ಪಿರಿಟ್ ವಾಸನೆ ಬಂದರೆ ವಿಷಯ ಬೇರೆ. ಅರಿಶಿನದ ಸಾರ, ಚೆಂಡು ಹೂವಿನ ಬಣ್ಣ ತೆಗೆಯುವ ಕಡೆ ಹೆಕ್ಸೇನ್‌ನಂಥ ದ್ರಾವಕ ಬಳಸುತ್ತಾರೆ. ಸೋಯಾ ಹಿಂಡಿಯೂ ಹೆಕ್ಸೇನ್‌ನಲ್ಲೇ ಎಣ್ಣೆ ತೆಗೆದದ್ದು ನಿಜ. ಆದರೆ ಅಲ್ಲಿ ಹಬೆ ಹಾಯಿಸಿ ದ್ರಾವಕವನ್ನು ತೆಗೆದ ಮೇಲೆಯೇ ಅದು ಮೇವಾಗುತ್ತದೆ. ಮೂಲಿಕೆ ಘಟಕದಲ್ಲಿ ಹಾಗೆ ಮಾಡಿದ್ದಾರಾ ಎಂದು ಕೇಳಿ. ಹೌದೆಂದು ಬರವಣಿಗೆಯಲ್ಲಿ ಕೊಡದಿದ್ದರೆ ತರಬೇಡಿ. ಅಂಥ ರಾಶಿಯನ್ನು ಮುಚ್ಚಿದ ಶೆಡ್ಡಿನಲ್ಲಿಟ್ಟರೆ ಬೆಂಕಿ ಹೊತ್ತಲು ಒಂದು ಬೀಡಿಯ ಕಿಡಿ ಸಾಕು.

ತಿನ್ನುತ್ತದೆ, ಆದರೆ ತೂಕ ಏರುತ್ತಿಲ್ಲ

ಅತಿ ಸಾಮಾನ್ಯ ದೂರು ಇದು. ಹುಡುಕಲು ತಾಳ್ಮೆ ಬೇಕಾದದ್ದೂ ಇದೇ.

ಮೊದಲು ಲೆಕ್ಕ. 30 ಕಿಲೋ ತೂಗುವ ಮೇಕೆ ದಿನಕ್ಕೆ ತನ್ನ ತೂಕದ ಶೇ. 3ರಿಂದ 4ರಷ್ಟು ಒಣ ಮೇವು ತಿನ್ನಬಲ್ಲದು, ಅಂದರೆ ಸುಮಾರು ಒಂದು ಕಿಲೋ. ಶೇ. 70 ನೀರಿರುವ ಚರಟ ಎರಡು ಕಿಲೋ ಹಾಕಿದಿರಿ ಅಂದುಕೊಳ್ಳಿ. ಅದರಲ್ಲಿ ಒಣ ಪದಾರ್ಥ 600 ಗ್ರಾಂ. ಹೊಟ್ಟೆಯ ಅರ್ಧಕ್ಕಿಂತ ಹೆಚ್ಚು ಜಾಗ ಬೇರು, ತೊಗಟೆಯ ನಾರಿನಿಂದಲೇ ತುಂಬಿತು. ಸೊಪ್ಪಿಗೆ, ಹೊಟ್ಟಿಗೆ ಜಾಗ ಎಲ್ಲಿ? ನೋಡಲು ಹೊಟ್ಟೆ ತುಂಬಿದೆ, ಮೇಕೆ ಮಾತ್ರ ಸೊರಗುತ್ತಿದೆ. ನಾನು ಒಪ್ಪುವ ಮಿತಿ ಒಣ ಲೆಕ್ಕದಲ್ಲಿ ಶೇ. 10. ಚೆನ್ನಾಗಿ ಒಗ್ಗಿದ ಮೇಲೆ ಹೆಚ್ಚೆಂದರೆ 20. ಇದೇ ಮೇಕೆಗೆ ಒದ್ದೆ ಚರಟ 350 ಗ್ರಾಂನಿಂದ 650 ಗ್ರಾಂ ಒಳಗೆ ಅಂದ ಹಾಗಾಯಿತು. ನೀರಿನ ಅಂಶ ತಿಳಿಯಲು 100 ಗ್ರಾಂ ತೂಗಿ, ತೂಕ ಇಳಿಯುವುದು ನಿಲ್ಲುವ ತನಕ ಬಿಸಿಲಲ್ಲಿ ಒಣಗಿಸಿ, ಮತ್ತೆ ತೂಗಿ. ಕಡಿಮೆಯಾದದ್ದೆಲ್ಲ ನೀರು.

ಎರಡನೆಯದು ಸಸಾರಜನಕ, ಅಂದರೆ ಪ್ರೋಟೀನ್. ಮೇಕೆಯ ಹೊಟ್ಟೆಯಲ್ಲಿ ನಾರನ್ನು ಒಡೆಯುವುದು ಸೂಕ್ಷ್ಮಜೀವಿಗಳು. ಒಟ್ಟು ಮೇವಿನಲ್ಲಿ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ಅವು ಸೊರಗುತ್ತವೆ, ನಾರು ಕರಗದೆ ನಿಲ್ಲುತ್ತದೆ, ಮೇಕೆ ತಿನ್ನುವುದೂ ಇಳಿಯುತ್ತದೆ. ಹಾಗಾಗಿ ಚರಟದ ಜೊತೆ ಚೊಗಚೆ, ನುಗ್ಗೆ ಸೊಪ್ಪು, ತೊಗರಿ ಹೊಟ್ಟು, ಹುರುಳಿ ಹೊಟ್ಟು ಇರಲೇಬೇಕು. ಚರಟ ಹಾಕಿದ್ದೇವಲ್ಲ ಎಂದು ಸೊಪ್ಪು ಕಡಿತ ಮಾಡಿದಲ್ಲೇ ತೂಕ ನಿಲ್ಲುವುದು.

ಮೂರನೆಯದು ಒಗರು, ಅಂದರೆ ಟ್ಯಾನಿನ್. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಸೇರಿದ ತ್ರಿಫಲದ ಚರಟ, ನೀರುಮತ್ತಿ ತೊಗಟೆ, ಜಾಲಿ ತೊಗಟೆಯ ಚರಟ ಇವುಗಳಲ್ಲಿ ಕುದಿಸಿದ ಮೇಲೂ ಒಗರು ಉಳಿದಿರುತ್ತದೆ. ಟ್ಯಾನಿನ್ ಮಿತವಾಗಿದ್ದರೆ ಲಾಭವೇ. ಪ್ರೋಟೀನನ್ನು ದೊಡ್ಡ ಹೊಟ್ಟೆಯಲ್ಲಿ ಹಾಳಾಗದಂತೆ ಕಾಯುತ್ತದೆ, ಜಂತುಹುಳದ ಹಾವಳಿಯನ್ನೂ ಸ್ವಲ್ಪ ತಗ್ಗಿಸುತ್ತದೆ. ಆದರೆ ಒಟ್ಟು ಮೇವಿನ ಶೇ. 5 ದಾಟಿತೆಂದರೆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಬಿಡುವುದೇ ಇಲ್ಲ. ಹಿಕ್ಕೆ ಕಪ್ಪಗೆ, ಸಣ್ಣಗೆ, ಕಲ್ಲಿನಷ್ಟು ಗಟ್ಟಿಯಾಗಿ ಬೀಳುತ್ತಿದ್ದರೆ ಇದೇ ಅನುಮಾನ.

ಮನೆಯಲ್ಲೇ ಒಂದು ಅಂದಾಜು ಪರೀಕ್ಷೆ ಮಾಡಬಹುದು. ಒಂದು ಹಿಡಿ ಚರಟವನ್ನು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ಆ ನೀರನ್ನು ಬಿಳಿ ಬಟ್ಟಲಿಗೆ ಹಾಕಿ ಅನ್ನಭೇದಿಯ (ಫೆರಸ್ ಸಲ್ಫೇಟ್) ಒಂದು ಹರಳು ಬಿಡಿ. ಶಾಯಿಯ ಬಣ್ಣಕ್ಕೆ ತಿರುಗಿದರೆ ಒಗರು ಇನ್ನೂ ಬಲವಾಗಿದೆ. ಹಿಂದೆ ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ತೆಳು ಬೂದು ಬಣ್ಣ ಬಂದರೆ ಭಯವಿಲ್ಲ. ಪರೀಕ್ಷೆ ಮಾಡಿದ ನೀರನ್ನು ಮೇಕೆಗೆ ಸಿಗದ ಕಡೆ ಚೆಲ್ಲಿ.

ಇಷ್ಟೂ ಸರಿಯಿದ್ದು ತೂಕ ಏರದಿದ್ದರೆ ಕೆಳರೆಪ್ಪೆ ಬಿಡಿಸಿ ನೋಡಿ. ಒಳಭಾಗ ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ, ಗದ್ದದ ಕೆಳಗೆ ನೀರು ತುಂಬಿದ ಬಾವು ಇದ್ದರೆ, ಅದು ರಕ್ತ ಹೀರುವ ಜಂತುಹುಳ. "ಕಹಿ ಚರಟ ತಿನ್ನುತ್ತಿದೆ, ಹುಳ ತಾನೇ ಸಾಯುತ್ತದೆ" ಎಂದು ಜಂತುಹುಳದ ಔಷಧಿ ನಿಲ್ಲಿಸಿದವರ ಹಿಂಡಿನಲ್ಲಿ ಇದು ಹೆಚ್ಚು. ಚರಟದಲ್ಲಿ ಉಳಿದ ಕಹಿ ಆ ಕೆಲಸಕ್ಕೆ ಸಾಲದು.

ಭೇದಿ, ಉಬ್ಬರ, ತೂರಾಟ

ಭೇದಿಗೆ ಮೊದಲ ಅನುಮಾನ ಸೋನಾಮುಖಿ ಮತ್ತು ಲೋಳೆಸರ. ಎರಡರಲ್ಲೂ ಹೊಟ್ಟೆ ಜಾಡಿಸುವ ಗುಣವಿದೆ. ಲೋಳೆಸರದ ತಿರುಳು ತೆಗೆದ ಮೇಲೆ ಉಳಿಯುವ ಸಿಪ್ಪೆಯಲ್ಲಿ ಹಳದಿ ಹಾಲು ಉಳಿದಿರುತ್ತದೆ, ಭೇದಿ ಮಾಡಿಸುವುದು ಅದೇ. ಇವನ್ನು ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಹಿಕ್ಕೆ ಗಟ್ಟಿಯಾಗುತ್ತದೆ. ಆಗದಿದ್ದರೆ, ರಕ್ತ ಕಂಡರೆ, ಕಾರಣ ಬೇರೆ ಇದೆ. ಮರಿಗಳಲ್ಲಾದರೆ ರಕ್ತಭೇದಿಗೆ ಹಿಕ್ಕೆ ಪರೀಕ್ಷೆ ಮಾಡಿಸಿ.

ಉಬ್ಬರಕ್ಕೆ ಅಡುಗೆ ಎಣ್ಣೆ 50ರಿಂದ 100 ಮಿ.ಲೀ. ಕುಡಿಸುವುದು ಹಳೆಯ, ಒಳ್ಳೆಯ ಮೊದಲ ಉಪಾಯ. ತಲೆ ತೀರಾ ಮೇಲೆತ್ತಬೇಡಿ, ನಿಧಾನ ಕುಡಿಸಿ, ಕೆಮ್ಮಿದರೆ ನಿಲ್ಲಿಸಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಉಬ್ಬರಕ್ಕಿಂತ ದೊಡ್ಡ ಕಷ್ಟ.

ತೂರಾಡುತ್ತಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಕಷಾಯದ ಚರಟವೋ, ಆಸವ ಅರಿಷ್ಟದ ಗಸಿಯೋ? ಅರಿಷ್ಟಗಳನ್ನು ಬೆಲ್ಲ ಹಾಕಿ ಹುದುಗಿಸುತ್ತಾರೆ. ಅವುಗಳ ಗಸಿಯಲ್ಲಿ ಮದ್ಯಸಾರವೂ ಉಳಿದ ಸಕ್ಕರೆಯೂ ಇರುತ್ತವೆ. ಸಕ್ಕರೆ ಒಮ್ಮೆಗೇ ಹೋದರೆ ದೊಡ್ಡ ಹೊಟ್ಟೆ ಹುಳಿಯಾಗಿ ಮೇಕೆ ಮಲಗಿಬಿಡುತ್ತದೆ. ಲೇಹ್ಯದ ಗಸಿಯೂ ಇದೇ ಜಾತಿ. ಇವೆರಡನ್ನೂ ಮೇಕೆಗೆ ಹಾಕಬೇಡಿ.

ಗಬ್ಬದ ಮೇಕೆ ಕಂದು ಹಾಕಿದರೆ

ಆಡುಸೋಗೆಯಲ್ಲಿರುವ ವಾಸಿಸಿನ್ ಗರ್ಭಕೋಶವನ್ನು ಹಿಂಡುವ ಗುಣದ್ದು. ಕೆಮ್ಮಿನ ಔಷಧಿ ಮಾಡುವ ಕಡೆಯ ಚರಟದಲ್ಲಿ ಇದು ಸಾಮಾನ್ಯ. ಗಬ್ಬದ ಮೇಕೆಗೆ ಯಾವ ಚರಟವನ್ನೂ ಹಾಕದಿರುವುದೇ ನನ್ನ ಸಲಹೆ. ಇಡೀ ಹಿಂಡಿನ ಲಾಭ ಮರಿಗಳಿಂದ. ಚೂರು ಮೇವು ಉಳಿಸಲು ಹೋಗಿ ಅದನ್ನು ಪಣಕ್ಕಿಡುವುದು ಸರಿಯಲ್ಲ. ಹಾಗೆಂದು ಪ್ರತಿ ಗರ್ಭಪಾತದ ತಪ್ಪನ್ನೂ ಚರಟದ ಮೇಲೆ ಹಾಕಬೇಡಿ. ಬ್ರೂಸೆಲ್ಲಾದಂಥ ಸೋಂಕೂ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಬಿದ್ದ ಕಂದನ್ನು, ಮಾಸನ್ನು ಬರಿಗೈಯಲ್ಲಿ ಮುಟ್ಟದೆ ವೈದ್ಯರಿಗೆ ತೋರಿಸಿ.

ಸೆಳೆತ, ದಿಢೀರ್ ಸಾವು

ಔಷಧ ಮತ್ತು ಕಾಂತಿವರ್ಧಕ ನಿಯಮಗಳಲ್ಲಿ ಇ(1) ಎಂಬ ಅನುಸೂಚಿ ಇದೆ. ಆಯುರ್ವೇದದಲ್ಲಿ ಬಳಸುವ ವಿಷದ್ರವ್ಯಗಳ ಪಟ್ಟಿ ಅದು. ವತ್ಸನಾಭಿ, ಕಾಸರಕ, ಉಮ್ಮತ್ತಿ, ಗುಲಗಂಜಿ, ಜಾಪಾಳ, ಕಣಗಿಲೆ, ಎಕ್ಕ, ಕಳ್ಳಿ, ಕರಿಗೇರು, ಗೌರಿ ಹೂವಿನ ಗೆಡ್ಡೆ ಎಲ್ಲ ಅದರಲ್ಲಿವೆ. ಔಷಧಿ ಮಾಡುವವರಿಗೆ ಈ ಪಟ್ಟಿ ಗೊತ್ತೇ ಇರುತ್ತದೆ. ಹಾಗಾಗಿ "ಇದರಲ್ಲಿ ಏನೇನಿದೆ" ಎಂದು ಸುಮ್ನೆ ಕೇಳುವ ಬದಲು "ಈ ಕಡಾಯಿಗೆ ಇ(1) ಪಟ್ಟಿಯ ದ್ರವ್ಯ ಬಿದ್ದಿದೆಯಾ" ಎಂದು ಕೇಳಿ. ಇವುಗಳಲ್ಲಿ ಒಂದು ಇದ್ದರೂ ಆ ರಾಶಿ ಮೇವಲ್ಲ. ಪಾದರಸ, ತಾಳಕ (ಆರ್ಸೆನಿಕ್ ಇರುವ ಖನಿಜ) ಬಳಸಿ ಭಸ್ಮ ಮಾಡುವ ಜಾಗದ ಕಸ ಕೂಡ ಸೇರಬಾರದು.

ಲಕ್ಷಣವೇ ದಾರಿ ತೋರಿಸುವುದುಂಟು. ಸದ್ದು ಮಾಡಿದರೆ, ಮುಟ್ಟಿದರೆ ಸೆಟೆದುಕೊಳ್ಳುತ್ತಿದ್ದರೆ ಕಾಸರಕ. ಪಾಪೆ ಅಗಲವಾಗಿ, ಬಾಯಿ ಒಣಗಿದ್ದರೆ ಉಮ್ಮತ್ತಿ. ತುಟಿ, ಬಾಯಿ ಬೊಬ್ಬೆ ಎದ್ದಿದ್ದರೆ ಕರಿಗೇರು. ಸತ್ತರೆ ಹೂಳುವ ಮುಂಚೆ ಮರಣೋತ್ತರ ಪರೀಕ್ಷೆ ಮಾಡಿಸಿ, ಹೊಟ್ಟೆಯೊಳಗಿನ ಮೇವಿನ ಮಾದರಿ ಇಡಿಸಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಪಶುವೈದ್ಯರ ಮೂಲಕ ಮಾದರಿ ಕಳಿಸಬಹುದು. ಒಂದು ಮೇಕೆಯ ಸಾವಿನ ಕಾರಣ ತಿಳಿದರೆ ಉಳಿದ ಹಿಂಡು ಉಳಿಯುತ್ತದೆ.

ಕಿವಿ, ಮೂತಿ ಊದಿ ಸಿಪ್ಪೆ ಏಳುತ್ತಿದ್ದರೆ

ಬಿಸಿಲಿಗೆ ಬಿಟ್ಟ ಮೇಲೆ ಬಿಳಿ ಚರ್ಮದ ಭಾಗದಲ್ಲೇ ಹೆಚ್ಚಾಗುತ್ತಿದ್ದರೆ ಯಕೃತ್ತು ಕೆಟ್ಟಿರಬಹುದು. ನೆಗ್ಗಿಲು ತಿಂದ ಕುರಿಗಳಲ್ಲಿ ಇಂಥ ರೋಗ ದಕ್ಷಿಣ ಆಫ್ರಿಕಾದಲ್ಲಿ ಹಳೆಯದು. ನಮ್ಮಲ್ಲಿ ಲಂಟಾನ ಇನ್ನೂ ದೊಡ್ಡ ಕಾರಣ, ಕಾಡಿನಿಂದ ತಂದ ಮೂಲಿಕೆಯ ಕಟ್ಟಿನಲ್ಲಿ ಅದು ಸೇರಿಕೊಂಡಿರಬಹುದು. ಮೇಕೆಯನ್ನು ನೆರಳಿಗೆ ತನ್ನಿ, ಆಮೇಲೆ ವೈದ್ಯರನ್ನು ಕರೆಯಿರಿ.

ಡ್ರಮ್ಮಿನಲ್ಲಿ ಹಾಕಿಟ್ಟ ಚರಟದ ದೋಷ

ಮಲೆನಾಡಿನ ಮಳೆಯಲ್ಲಿ ಒಣಗಿಸಲು ಆಗುವುದಿಲ್ಲ, ಹಾಗಾಗಿ ರಸಮೇವು (ಸೈಲೇಜ್) ಮಾಡುತ್ತಾರೆ. ಚರಟ ಒಂದನ್ನೇ ತುಂಬಿದರೆ ಅದು ಹುಳಿಯಾಗದೆ ಕೊಳೆಯುತ್ತದೆ, ಕಾರಣ ಮೇಲೆಯೇ ಹೇಳಿದೆ. ಕತ್ತರಿಸಿದ ಹಸಿ ಜೋಳದ ಮೇವನ್ನು ಸಮಪಾಲು ಬೆರೆಸಿ, ನೂರು ಕಿಲೋಗೆ ಎರಡು ಕಿಲೋ ಬೆಲ್ಲ ಕರಗಿಸಿ ಚಿಮುಕಿಸಿ, ಗಾಳಿ ಉಳಿಯದಂತೆ ತುಳಿದು ಮುಚ್ಚಿದರೆ ಒಂದು ತಿಂಗಳಲ್ಲಿ ಸಿದ್ಧ. ತೆಗೆದಾಗ ಹಿತವಾದ ಹುಳಿವಾಸನೆ ಬರಬೇಕು, ಪಿಎಚ್ ಪಟ್ಟಿಯಲ್ಲಿ 4.5ಕ್ಕಿಂತ ಕಡಿಮೆ ತೋರಿಸಬೇಕು. 5.5 ದಾಟಿದ ರಸಮೇವಿನಲ್ಲಿ ಮಿದುಳಿಗೆ ಏರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಮೇಕೆ ಒಂದೇ ಕಡೆಗೆ ಸುತ್ತು ಹೊಡೆಯುತ್ತಿದ್ದರೆ, ಒಂದು ಕಿವಿ ಜೋತು ಬಿದ್ದು ಬಾಯಿಯಿಂದ ಜೊಲ್ಲು ಸುರಿಯುತ್ತಿದ್ದರೆ ಅದೇ ದಿನ ಆಂಟಿಬಯೋಟಿಕ್ ಶುರುವಾಗಬೇಕು. ಮಾರನೇ ದಿನಕ್ಕೆ ಬಿಟ್ಟರೆ ಉಳಿಯುವುದು ಕಷ್ಟ.

ಮತ್ತೆ ಶುರು ಮಾಡುವ ಮುಂಚೆ

ದೋಷ ಸಿಕ್ಕಿತು ಎಂದು ಅನಿಸಿದ ಮೇಲೆ ಅದನ್ನು ಖಚಿತ ಮಾಡಿಕೊಳ್ಳುವುದು ಹೀಗೆ. ವಿಷ, ಬೂಷ್ಟು, ದ್ರಾವಕದ ಅನುಮಾನ ಇದ್ದ ರಾಶಿಯಲ್ಲಿ ಈ ಪ್ರಯೋಗ ಮಾಡಲೇಬಾರದು. ಪ್ರಮಾಣ, ಒಗರು, ಕಹಿಯ ವಿಷಯದಲ್ಲಿ ಮಾತ್ರ. ಹಿಂಡು ಪೂರ್ತಿ ಸುಧಾರಿಸಿದ ಮೇಲೆ ಬೀಜ ಒಡೆದ ಎರಡು ಗಂಡು ಮೇಕೆಗಳನ್ನು ಬೇರೆ ಕಟ್ಟಿ. ಒಂದೇ ಬಗೆಯ ಚರಟ, ಎರಡು ಮೂರು ಸೆಂಟಿಮೀಟರ್ ತುಂಡು, ಒಣ ಲೆಕ್ಕದಲ್ಲಿ 50 ಗ್ರಾಂ. ತಂತಿ, ಪ್ಲಾಸ್ಟಿಕ್ ದಾರ, ಕಲ್ಲು ಆರಿಸಿ. ಒಂದು ವಾರ ಹಿಕ್ಕೆ, ಮೆಲುಕು, ತಿನ್ನುವ ಪ್ರಮಾಣ ಬರೆದಿಡಿ. ಎಲ್ಲ ಸರಿಯಿದ್ದರೆ 100 ಗ್ರಾಂಗೆ ಏರಿಸಿ ಇನ್ನೊಂದು ವಾರ ನೋಡಿ. ಒಂದೇ ಸಲಕ್ಕೆ ಎರಡು ಬಗೆಯ ಚರಟ ಹಾಕಿದರೆ ಯಾವುದರಿಂದ ಏನಾಯಿತು ಎಂದು ಗೊತ್ತೇ ಆಗುವುದಿಲ್ಲ.

ಹಾಲಿನಲ್ಲಿ ವಾಸನೆ ಬರುತ್ತಿದೆ ಎಂಬ ದೂರು ಇದ್ದರೆ ಹಾಲು ಕರೆದ ಮೇಲೆ ಚರಟ ಹಾಕಿ, ಕರೆಯುವ ಮುಂಚೆ ಅಲ್ಲ. ಬಹುತೇಕ ಅಷ್ಟಕ್ಕೇ ಸರಿಹೋಗುತ್ತದೆ.

ತಿಂಗಳುಗಟ್ಟಲೆ ಒಂದೇ ಕಡೆಯಿಂದ ತರುವ ಯೋಚನೆ ಇದ್ದರೆ ಒಮ್ಮೆ ಪ್ರಯೋಗಾಲಯದ ಪರೀಕ್ಷೆಗೆ ಖರ್ಚು ಮಾಡಿ. ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಪ್ರೋಟೀನ್, ನಾರು, ಟ್ಯಾನಿನ್, ಅಫ್ಲಾಟಾಕ್ಸಿನ್ ಈ ನಾಲ್ಕನ್ನು ಕೇಳಿ. ಮಾದರಿ ತೆಗೆಯುವಾಗ ರಾಶಿಯ ಮೇಲಿಂದ ಒಂದು ಹಿಡಿ ಎತ್ತಬೇಡಿ. ಮೇಲೆ, ನಡುವೆ, ಬುಡದಲ್ಲಿ ಬೇರೆ ಬೇರೆ ಕಡೆಯಿಂದ ಎತ್ತಿ ಬೆರೆಸಿ, ಆ ಬೆರಕೆಯಿಂದ ಒಂದು ಕಿಲೋ ಕಳಿಸಿ. ಬೂಷ್ಟಿನ ವಿಷ ರಾಶಿಯ ಒಂದು ಮೂಲೆಯಲ್ಲಿ ಮಾತ್ರ ಇದ್ದರೂ ಇರಬಹುದು.